ಕಿಡಕಿ ಬ್ಯಾಡಂದ ಖೋಲಿ

ಅವರ ಮೊದಲ ಮಾತ ಅದು: ಕಿಡಕಿ ಬ್ಯಾಡ.
ಇದ್ದ ಎರಡೂ ಇಟ್ಟಂಗಿ ಹಚ್ಚಿ ಮುಚ್ಚಿಬಿಡ್ರಿ,
ಬಿಸಲು ಬಿದ್ದರ ಟಿವಿಯಾಗ ಮುಖ ಕಾಣೂದಿಲ್ಲ
ಅಂದ್ರು ಹುದ್ದಾರ ಸಾಹೇಬ್ರು.
ಇಡೀ ನವನಗರ ನೋಡೂ ಖೋಲಿ,
ಅದಕ್ಕ ಹೊರಗ ಹಣಿಕಿ ಹಾಕಾಕ ಒಂದು ಕಿಂಡಿ ಇಲ್ಲ.
ನಾ ಬಡಿಗ್ಯಾ. ನಕ್ಕು ಟೇಪು ಬಿಚ್ಚಿದೆ.

ಹದಿನೆಂಟು ಫೂಟು ಉದ್ದ, ಹನ್ನೊಂದು ಅಗಲ.
ಗ್ವಾಡಿಗೆ ಇಪ್ಪತ್ನಾಕು ಟಿವಿ, ಸಾಲಿಗೆ ಆರು.
ಮುಂದ ಅರ್ಧಚಂದ್ರದ ಮೇಜು,
ಹಿಂದ ವಾಯರಿನ ಗೊಂಚಲಕ್ಕ ಕೈ ಹೋಗೂವಷ್ಟು ಜಾಗಾ.
"ಇಲಿ ಬರತಾವ ಮೋನಪ್ಪಣ್ಣ, ಜಾಳಿಗಿ ಹಾಕು"
ಅಂದ ದಸ್ತಗೀರ, ವಾಯರ ಹಲ್ಲಾಗ ಕಚ್ಚಿ ಸುಲಿಯೂತ.
ಮ್ಯಾಲಿನ ಸಾಲಿಗೆ ಕುತಿಗಿ ನೋಯಬಾರದು,
ಕೆಳಗಿನ ಸಾಲಿಗೆ ಬೆನ್ನು ಬಾಗಬಾರದು.
ದೇವರ ಜಗಲಿ ಮಾಡೂವಾಗೂ ಇಷ್ಟು ಸಲ
ಕುಂತು ಎದ್ದು ನೋಡಿಲ್ಲ ನಾ.

ಬಣ್ಣ ಬೂದಿ. ಬಿಳಿ ಬ್ಯಾಡ, ಕಣ್ಣಿಗೆ ಚುಚ್ಚತೈತಿ.
ಮಿಂಚೂ ಮೈಕಾ ಮೊದಲ ಬ್ಯಾಡ,
ಟಿವಿಯೊಳಗಿನ ಊರು ಅದರಾಗ ತಲಿಕೆಳಗ ಕಾಣತೈತಿ.
ಒಂದು ತುಂಡು ಹಚ್ಚಿ ನೋಡಿದ್ದೆ:
ಬಸ್‌ ಸ್ಟ್ಯಾಂಡು ನೀರಾಗ ನಿಂತಂಗ ಇತ್ತು.
ಕಿತ್ತು ಒಗದೆ.

ಎರಡು ವಾರದ ಮ್ಯಾಲ ಕ್ಯಾಮೆರಾ ಒಂದೊಂದ ಕಣ್ಣು ಬಿಟ್ಟುವು.
ಏಳನೇದರಾಗ ನನ್ನ ಅಂಗಡಿ!
ರಂದಾ ಹೊಡೀಬೇಕಾದ ನನ್ನ ಹುಡುಗ ಕಲಮೇಶಿ
ಹೊಟ್ಟಿನ ಗುಂಪಿ ಮ್ಯಾಲ ಅಂಗಾತ ಮಲಗ್ಯಾನ.
ಫೋನ್ ಹಚ್ಚಿದೆ.
ಗಡಬಡಿಸಿ ಎದ್ದಾಂವ, ಮೊದಲ ಆಕಾಶಾ ನೋಡಿದ.
ಸಾಹೇಬ್ರು ಬಿದ್ದು ಬಿದ್ದು ನಕ್ಕರು.
ನನಗ ಯಾಕೋ ನಗಿ ಬರಲಿಲ್ಲ.

ರಾತ್ರಿ ಪಾಳಿಗೆ ಬಂದಾಕಿ ದಾಕ್ಷಾಯಣಿ ತಳವಾರ.
ಇವರ ಮುತ್ಯಾ ಬಡಿಗಿ ಬಡಕೋಂತ ಓಣಿ ಸುತ್ತಿ
"ಎಚ್ಚರs" ಅಂತ ಒದರಿದಾಂವ.
ಈಕಿ ಒದರೂದಿಲ್ಲ, ಗುಂಡಿ ಒತ್ತತಾಳ.
ಖುರ್ಚಿ ಸರಕಾರದ್ದು, ಎತ್ತರದ ಗಂಡಸಿನ ಲೆಕ್ಕದ್ದು,
ಇಳಿಸೂ ಹಿಡಿಕಿ ಬಂದಾಗಿಂದ ಕೆಟ್ಟೈತಿ.
ಕುಂತಳು. ಕಾಲು ನೆಲಾ ಮುಟ್ಟಲಿಲ್ಲ.
ಎಂಟು ತಾಸು ಜೋತು ಬಿದ್ದ ಕಾಲು
ಮುಂಜಾನೆ ಬೂಟಿನಾಗ ಹಿಡೀಲಿಲ್ಲ, ಅಷ್ಟು ಬಾವು.
"ಇರಲಿ ಬಿಡ್ರಿ ಕಾಕಾ" ಅಂದಳು.
ಅಳತಿ ತಪ್ಪಿದ್ದು ನಂದು. ಹ್ಯಾಂಗ ಬಿಡಲಿ?

ಮನಿಗೆ ಬಂದು ಅಟ್ಟ ಹತ್ತಿದೆ.
ಹಳೇ ಬಾಗಲಕೋಟಿ ಬಿಡೂವಾಗ
ಅಪ್ಪ ಮೊದಲ ಕಿತ್ತಿದ್ದು ಬಾಗಲಾ, ಆಮ್ಯಾಲ ತೊಲಿ,
ಕಡೀಕ ಹೊಸ್ತಿಲಾ.
ಹಿನ್ನೀರು ಆಗಲೇ ಹಿತ್ತಲ ಬಾವಿ ಕೂಡ
ಮಾತಿಗೆ ಇಳದಿತ್ತು.
ಸಾಗವಾನಿ. ಮೂರೂವರಿ ಫೂಟು. ನಡುವ ಸವದು ದೋಣಿಯಂಗ.

ಅವ್ವ ಅಡ್ಡ ನಿಂತಳು.
"ಹೊಸ್ತಿಲದ ಮ್ಯಾಲ ಕಾಲಿಡಸ್ತಿ ಏನೋ?
ಅರಿಷಿಣ ಕುಂಕುಮ ಹಚ್ಚಿದ್ದದು."
"ಯಾರೂ ತುಳದಿಲ್ಲಂದರ ಸವದದ್ದು ಹ್ಯಾಂಗಬೇ?"
ಸುಮ್ಮಾದಳು. ಕುಂತು ಕೈಯಾಡಿಸಿದಳು.
"ಆ ಹುಡುಗಿ ಏನು ಮಾಡತಾಳಲ್ಲೆ?"
"ರಾತ್ರಿಯೆಲ್ಲಾ ಊರು ನೋಡತಾಳ. ಎಲ್ಲಾ ಓಣಿ."
"ನಮ್ಮ ಓಣೀನೂ ಕಾಣತೈತೇನು?"
ನಾ ಗರಗಸ ಹುಡುಕೂವಂಗ ಮಾಡಿದೆ.

ಅರ್ಧಕ್ಕ ಕೊಯ್ಯಾಕ ಮನಸ್ಸು ಬರಲಿಲ್ಲ,
ಅಂಚು ಅಷ್ಟ ಹೆರದು, ಅಡಿಗೆ ರಬ್ಬರು ಬಡದು,
ಹಿಮ್ಮಡದ ಕಡೆ ಎರಡು ಬೆರಳು ಇಳಕಲು ಕೊಟ್ಟೆ.
ಬಿಲ್ಲಿನಾಗ ಮೇಜು ಬರದೆ, ಜಾಳಿಗಿ ಬರದೆ,
ಮುಚ್ಚಿದ ಕಿಡಕಿ ಎರಡು, ಅವನ್ನೂ ಬರದೆ.
ಹೊಸ್ತಿಲಾ ಬರೀಲಿಲ್ಲ.

ನಿನ್ನೆ ರಾತ್ರಿ ಎರಡಕ್ಕ ಹೋಗಿ ಬಂದೆ,
ಸ್ಕ್ರೂ ಬಿಗಿ ಮಾಡೂ ನೆಪಾ.
ಇಪ್ಪತ್ನಾಕೂ ರಸ್ತೆ ಖಾಲಿ.
ಒಂದು ನಾಯಿ ಆರನೇ ಟಿವಿಯಿಂದ ಏಳನೇದಕ್ಕ ದಾಟಿತು.
ಬೂಟು ಬಿಚ್ಚಿ ಬಾಜೂಕ ಇಟ್ಟಾಳ,
ಬರಿಗಾಲು ಎರಡೂ ಆ ಸವಕಲಿನೊಳಗ.
ತಿರಗಿ ನೋಡಲಿಲ್ಲ. ಅಂದಳು:
"ಒಂಬತ್ತನೇದು ಮಿಣಿಮಿಣಿ ಮಾಡತೈತಿ ಕಾಕಾ,
ದಸ್ತಗೀರಣ್ಣಗ ಹೇಳ್ರಿ."