ಬೇಸ್ತವಾರದ ನೀರು

ಮುಠಾ ನದಿಯನ್ನು ಇನ್ನೂರ ಹನ್ನೆರಡು
ಚೌಕ ಮಾಡಿ ಪರದೆಯ ಮೇಲೆ ಹರವಿದ್ದೇನೆ.
ನಲವತ್ತೇಳನೆಯದು ಮಾತ್ರ ಮೊಂಡು:
ಲೆಕ್ಕದ ಪ್ರಕಾರ ನೀರಿನ ಉಸಿರು ನಾಲ್ಕು,
ಬಾಟಲಿಯಲ್ಲಿ ಒಂದೂ ಇಲ್ಲ.

ಮಳೆ ಸರಿ, ಇಳಿಜಾರು ಸರಿ,
ಖಡಕ್‌ವಾಸಲಾದಿಂದ ಬಿಟ್ಟ ನೀರೂ ಸರಿ.

ಓಂಕಾರೇಶ್ವರದ ಕೆಳಗೆ
ಅಂತರಗಂಗೆ ಎಳೆದು ದಡಕ್ಕೆ ಒಟ್ಟುತ್ತಿದ್ದ ಶೇವಂತಾಬಾಯಿ
ಬಾಟಲಿ ಮೂಸಿ ನಕ್ಕಳು:
"ಗುರುವಾರ ತುಂಬಿಸಿದ್ದಲ್ಲವಾ?
ಕರೆಂಟ್ ತೆಗೆಯುವ ದಿನ.
ನಮ್ಮ ಮಿಕ್ಸರೂ ಸುಮ್ಮನೆ,
ಅವರ ಪಂಪೂ ಸುಮ್ಮನೆ.
ಕೊಳಚೆ ಎಲ್ಲಿಗೆ ಹೋಗಬೇಕು, ಹೇಳು?"

ರಾತ್ರಿ ಹೊಸದೊಂದು ಕಾಲಂ ಸೇರಿಸಿ
ಅವ್ವನ ಮಾತಲ್ಲಿ ಹೆಸರಿಟ್ಟೆ: ಬೇಸ್ತವಾರ.
ಗೆರೆ ಕುಸಿದು, ಕುಸಿದು,
ಬಾಟಲಿಯ ಚುಕ್ಕೆಯ ಪಕ್ಕ ಬಂದು ಕೂತಿತು.

ತಾಳೆಯಾಯಿತೆಂದು ತಟ್ಟಲು ಎತ್ತಿದ ಕೈ
ಇನ್ನೂ ನಾರುತ್ತಿತ್ತು.