ಮುಜ್ನಾಳ ಪರದೆ

"ಪರದೆ ಸತ್ತಿದೆ" ಅಂದಿದ್ದರಂತೆ ರೂವಿಯ ಮೂರೂ ಅಂಗಡಿಯವರು,
ಮೂವತ್ತು ರಿಯಾಲು, ಹೊಸದೇ ಆಗಬೇಕು.
ಮಧ್ಯಾಹ್ನದ ಬಾಂಗಿಗೆ ಮುಂಚೆ ಮುಜ್ನಾ ನನ್ನಲ್ಲಿಗೆ ಬಂದಳು.
ತೆರೆದರೆ ಅವಳೇ ಬರೆದ ಕುಮ್ಮಾ ಟೋಪಿಯ ಕಸೂತಿ ನಕ್ಷೆ,
ಅದರ ಮೇಲೆ ಹಸಿರು, ನೇರಳೆ ಗೀರು,
ಬಲೆಗೆ ಬಿದ್ದ ಬೈಗೆಯ ಹಾಗೆ ಒದ್ದಾಡುತ್ತ.

ಸ್ಕ್ರೂಡ್ರೈವರ್ ಮುಟ್ಟಲಿಲ್ಲ.
ಆರಿಸಿದೆ, ಹೊತ್ತಿಸಿದೆ, ಎಫ್-ಟೂ ಕುಟ್ಟುತ್ತ ಕೂತೆ.
ವಿಂಡೋಸ್ ಏಳುವ ಮೊದಲಿನ ಆ ಬೂದು ಕೋಣೆಯಲ್ಲಿ
ಗೀರಿಲ್ಲ, ನಡುಕವಿಲ್ಲ.
ಗಾಜಿಗೇನೂ ಆಗಿಲ್ಲ, ಒಳಗೆ
ಎರಡು ಗ್ರಾಫಿಕ್ಸ್ ಚಿಪ್ಪುಗಳ ವಾರಗಿತ್ತಿ ಜಗಳ.
ಒಂದನ್ನು ಮಲಗಿಸಿದೆ. ಎಫ್-ಟೆನ್. ಸೇವ್.

ತಾರೀಕು ಮಾತ್ರ ಎರಡು ಸಾವಿರದ ಹದಿನಾಲ್ಕರಲ್ಲೇ ನಿಂತಿತ್ತು.
ಐವತ್ತು ಬೈಸಾದಷ್ಟಗಲದ ಬ್ಯಾಟರಿ ತೀರಿದರೆ
ಮಾಡಿದ್ದೆಲ್ಲ ಮರೆಯುತ್ತದೆ.
ಕಡೆಗೂ ಸ್ಕ್ರೂಡ್ರೈವರ್ ಬೇಕಾಯಿತು.
ಎರಡು ರಿಯಾಲು ಅಂದೆ.

ತಿಳಿಯಾದ ಪರದೆ ನೋಡಿ ಅವಳು ಸುಮ್ಮನಾದಳು.
"ಗೀರೆಲ್ಲ ಎಲ್ಲಿ ಹೋಯಿತು?"
ನನ್ನ ಮೇಲೇ ದೂರಿದ್ದಂತಿತ್ತು.

ಈದ್ ಕಳೆದು ಎಂಟು ದಿನಕ್ಕೆ, ಮತ್ರಾದ ಮೀನು ಮಾರ್ಕೆಟ್ಟಿನಲ್ಲಿ
ಎದುರಿಗೆ ಒಬ್ಬ ಹುಡುಗ; ತಲೆಯ ಮೇಲೆ
ಹಸಿರು, ನೇರಳೆ, ಅಡ್ಡಡ್ಡ,
ಬೇಕೆಂದೇ ಅರ್ಧಕ್ಕೆ ತುಂಡಾದ ದಾರ.
ಬಾಯಿಬಿಟ್ಟು ನಿಂತಿದ್ದೆ.
ತಕ್ಕಡಿಯವ ಎರಡನೇ ಸಲ ಕೇಳಿದ,
"ಎಷ್ಟು ಕಿಲೋ, ಭಾಯ್?"