ಕಪ್ಪು ನೂಲು

ಐದು ನಿಮಿಷ ಓಡಿಸಿ ಆಫ್ ಮಾಡಬೇಕು.
ತಣ್ಣಗಿದ್ದರೆ ಎಣ್ಣೆ ಇಳಿಯಲ್ಲ,
ಕಾದಿದ್ದರೆ ಕೈ ಉಳಿಯಲ್ಲ.
ಗೂಡು ಬೇಯಿಸುವ ನೀರಿಗೂ ಇದೇ ಲೆಕ್ಕ:
ಬೆರಳದ್ದಿ, ತೆಗೆದು, ಮತ್ತೆ ಅದ್ದಿ
ಹದ ಕಲಿತ ಕೈ ಇದು.

ಭಾನುವಾರ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ
ಒಂದು ಫಿಲೇಚರಿನಲ್ಲೂ ಹೊಗೆ ಎದ್ದಿಲ್ಲ.
ಸುರುಳಿ ಕಿತ್ತುಹೋದ ಹಳೇ ಚಂದ್ರಿಕೆ ಹಾಸಿ,
ನೈಟಿಯ ಮೇಲೆ ವೆಂಕಟರೋಣಪ್ಪನ ಅಂಗಿ ತೊಟ್ಟು,
ಏಸ್ ಗಾಡಿಯ ಕೆಳಗೆ ತೂರಿಕೊಂಡೆ.

ಕಂಡವರ ಬೇಸಿನ್ನಿನಲ್ಲಿ
ಹನ್ನೆರಡು ವರ್ಷ ನೂಲು ತೆಗೆದು ಕೊಂಡ ಗಾಡಿ.
ಆರ್‌ಸಿಯಲ್ಲಿರುವ ಹೆಸರು ಪಿಳ್ಳಮ್ಮ.
ವೆಂಕಟರೋಣಪ್ಪನಿಗೆ ಡ್ರೈವಿಂಗೇ ಬರಲ್ಲ.
ಆದರೂ ಗ್ಯಾರೇಜಿನ ಹುಡುಗರು
ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡೇ ಅಂದಿದ್ದರು,
"ಯಜಮಾನ್ರನ್ನ ಕಳ್ಸಕ್ಕಾ, ಅವರಿಗೆ ಹೇಳ್ತೀವಿ."
ಅವತ್ತೇ ಬಜಾರಿಗೆ ಹೋಗಿ
ಹದಿನೇಳು, ಹತ್ತೊಂಬತ್ತರ ಸ್ಪ್ಯಾನರ್ ತಂದೆ.
ಮುನ್ನೂರು ಮಜೂರಿ ಉಳಿಸೋದಕ್ಕಲ್ಲ.
ಸುಳ್ಳೇಕೆ, ಅದಕ್ಕೂ ಹೌದು.

ಬೋಲ್ಟು ಸಡಿಲವಾಗುವ ಆ ಒಂದು ಕ್ಷಣ ಇದೆಯಲ್ಲ,
ಸ್ಪ್ಯಾನರ್ ಬಿಟ್ಟು ಬೆರಳಿಗೆ ಬರುವುದು,
ಕೊನೆಯ ಸುತ್ತಿನಲ್ಲಿ ಕೈ ಹಿಂದೆಳೆಯಬೇಕು,
ನಾನು ಎಂದೂ ಸರಿಯಾಗಿ ಎಳೆದಿಲ್ಲ.
ಮಣಿಕಟ್ಟಿನಿಂದ ಮೊಣಕೈಯವರೆಗೆ ಕಪ್ಪು.

ಡೀಸೆಲ್ ಎಣ್ಣೆ ಕಪ್ಪಾಗಿದ್ದರೆ ತಪ್ಪಲ್ಲ.
ಹೊಲಸನ್ನೆಲ್ಲ ತಾನು ಹೊತ್ತು
ಮಿಕ್ಕದ್ದನ್ನು ಚೊಕ್ಕ ಇಟ್ಟಿದೆ ಅಂತ ಅರ್ಥ.
ಮೊದಲು ಹಗ್ಗದಷ್ಟು ದಪ್ಪ ಬಿತ್ತು,
ಆಮೇಲೆ ದಾರ, ಆಮೇಲೆ ನೂಲು,
ಕೊನೆಗೆ ಒಂದೇ ಗೂಡಿನಿಂದ ಎಳೆದಂಥ ಎಳೆ,
ಗಾಳಿಗೆ ಅಲುಗುತ್ತಾ, ತುಂಡಾಗದೆ.
ಒಲೆಯ ಮುಂದೆ ಕೂತವಳ ಹಾಗೆ
ಆ ಎಳೆಯನ್ನೇ ನೋಡುತ್ತಾ ಮಲಗಿಬಿಟ್ಟೆ.
ಕಡಿದರೆ ಮೇಸ್ತ್ರಿ ಬೈಯುತ್ತಾನೆ ಅನ್ನುವಂತೆ.

ಬಾಂಡ್ಲಿಯನ್ನು ಬಿಸಿಲಿಗೆ ಎಳೆದಾಗ
ತಳದಲ್ಲಿ ಏನೋ ಮಿನುಗಿತು.
ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದೆ.
ಕುಂಕುಮದಷ್ಟು ನುಣುಪು, ಹೊಂಬಣ್ಣ.
ಹಬ್ಬಕ್ಕೆ ಹುಡುಗಿಯರು ಕೆನ್ನೆಗೆ ಹಚ್ಚುವ ಹೊಳಪಿನ ಪುಡಿಯ ಹಾಗೆ.
ಚೆಂದವಿತ್ತು. ಹೊಟ್ಟೆಯಲ್ಲಿ ಕಲಸಿತು.

ಒಂದು ಸೌಟು ಎಣ್ಣೆ ಸ್ಟೀಲ್ ಲೋಟಕ್ಕೆ ಹುಯ್ದು
ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು
ಎರಡು ವರ್ಷ ತುಳಿಯದ ಗ್ಯಾರೇಜಿಗೆ ನಡೆದೆ.
ಅಲ್ಲಾಬಕಾಷಣ್ಣ ಒಬ್ಬನೇ ಕೂತಿದ್ದ,
ಅರ್ಧ ಇಡ್ಲಿ ಕೈಯಲ್ಲೇ ಇತ್ತು.
ಇಷ್ಟು ದಿನ ಎಲ್ಲಿದ್ದೆ ಅನ್ನಲಿಲ್ಲ.
ಲೋಟವನ್ನು ಬಿಸಿಲಿಗೆ ಓರೆ ಮಾಡಿದ.
"ಬಂಗಾರ ಕೋಲಾರದ ನೆಲದಲ್ಲಿ ಸಿಕ್ಕರೆ ಭಾಗ್ಯ,
ಏಸ್ ಇಂಜಿನ್ನಲ್ಲಿ ಸಿಕ್ಕರೆ ಬೇರಿಂಗು."

ಬಂದ, ಕೆಳಗೆ ತೂರಿದ.
ಆಗಲೇ ಬಿಗಿದಿದ್ದ ಬೋಲ್ಟನ್ನು ಮುಟ್ಟಿ ನೋಡಿದ.
"ಯಾರು ಬಿಗಿದಿದ್ದು?"
"ನಾನೇ."
"ಸಿಟ್ಟಲ್ಲಿ ಬಿಗಿದಿದ್ದೀಯ.
ಹಿಂಗೇ ಬಿಗೀತಿದ್ರೆ ಥ್ರೆಡ್ ಹೋಗುತ್ತಮ್ಮ.
ಥ್ರೆಡ್ ಅಂದ್ರೆ ಏನು? ನೂಲೇ ತಾನೆ?
ನೂಲು ತೆಗೆಯೋ ಕೈಯಲ್ಲಿ ಬಿಗಿ."

ಹೊಸ ಎಣ್ಣೆ ಹಾಕು, ಸಾವಿರ ಕಿಲೋಮೀಟರಿಗೇ ಮತ್ತೆ ಇಳಿಸು,
ಆಗಲೂ ಮಿನುಗಿದರೆ ಬಿಚ್ಚೋಣ ಅಂದ.
ನನಗೇ ಅಂದ, ಮುಖ ನೋಡಿ.
ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ ವೆಂಕಟರೋಣಪ್ಪನ ಕಡೆ
ತಿರುಗಲೂ ಇಲ್ಲ.

ಹಳೇ ಎಣ್ಣೆಯನ್ನು ಗಾರೆ ಗಂಗುಲಪ್ಪ ಒಯ್ದ,
ಸೆಂಟ್ರಿಂಗ್ ಶೀಟಿಗೆ ಬಳಿಯೋಕೆ.
ಯಾರದೋ ಹೊಸ ಮನೆಯ ತಾರಸಿಯಲ್ಲಿ
ನನ್ನ ಬೇರಿಂಗಿನ ಚೂರು ಮಿನುಗಬಹುದು.
ಗೋಡೆಯ ಮೇಲೆ ಇದ್ದಿಲಲ್ಲಿ ಬರೆದೆ: ೬೨,೩೪೦.
ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟೆ,
ಅದೇನೆಂದು ನನಗೊಬ್ಬಳಿಗೆ ಗೊತ್ತು.

ಸ್ಪ್ಲೆಂಡರ್ ಬಾಕಿ ಇತ್ತು.
ಅದರ ಎಣ್ಣೆ ಕಟ್ಟಂಚಾಯದ ಬಣ್ಣ, ಲೀಟರೂ ಇಲ್ಲ.
ಬೇಗ ಬಸಿಯಿತು.
ಸ್ಪ್ಯಾನರ್ ಪಕ್ಕಕ್ಕಿಟ್ಟು ಎರಡೇ ಬೆರಳಲ್ಲಿ
ಬೋಲ್ಟನ್ನು ಬಾಯಿಗೆ ಕೊಟ್ಟೆ,
ಎಳೆಯ ತುದಿ ಹುಡುಕುವ ಹಾಗೆ
ಒಂದು ಸಲ ಹಿಂದಕ್ಕೆ ತಿರುವಿದೆ.
ಟಿಕ್ ಅಂತು.
ಆಮೇಲೆ ಅದು ತಾನೇ ಒಳಗೆ ಹೋಯಿತು.
ಕೊನೆಗೆ ಸ್ಪ್ಯಾನರಲ್ಲಿ ಕಾಲು ಸುತ್ತು.
ಸಾಕು.